ಮೌನದ ಕಲಮು

ಬೆಳಿಗ್ಗೆ ಏಳಕ್ಕೆ ನಾನು ಪಾಳಿಗೆ ಕೂತಾಗ ಪರದೆಯ ಮೇಲೆ ಇನ್ನೂರ ಹನ್ನೆರಡು ಎಂದಿತ್ತು. ಹಸಿರು. ರಾತ್ರಿಪಾಳಿಯವರು ದಾಖಲೆ ಪುಸ್ತಕದಲ್ಲಿ 'ವಿಶೇಷವೇನಿಲ್ಲ' ಎಂದು ಬರೆದು ಸಹಿ ಹಾಕಿ ಹೋಗಿದ್ದರು. ಹಿಂದಿನ ಗಂಟೆಗಳ ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಓದಿದೆ. ಇನ್ನೊಮ್ಮೆ ಓದಿದೆ. ಆ ಅಂಕಗಳು ನದಿಯವಾಗಿರಲಿಲ್ಲ. ನನ್ನವಾಗಿದ್ದವು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಧೌಲಾ ನದಿ ಎರಡು ದೇಶಗಳದ್ದು. ಹುಟ್ಟುವುದು, ಗುಡ್ಡ ಇಳಿಯುವುದು ಅವರಲ್ಲಿ. ಬಯಲಿಗೆ ಬಂದು ಹರಡಿಕೊಳ್ಳುವುದು ನಮ್ಮಲ್ಲಿ. ಒಪ್ಪಂದದ ಭಾಷೆಯಲ್ಲಿ ಅವರು ಮೇಲ್ಪಕ್ಷ, ನಾವು ಕೆಳಪಕ್ಷ. ಗಡಿಯ ಮೇಲೆಯೇ ಕಟ್ಟಿದ ಜಂಟಿ ಕೇಂದ್ರದೊಳಗೆ ದೇಶಗಳ ಹೆಸರು ಹೇಳುವ ರೂಢಿಯಿಲ್ಲ. ಮೇಲ್ಪಕ್ಷ ತನ್ನ ಅಣೆಕಟ್ಟಿನ ಮಾಹಿತಿ ಕೊಡುವುದನ್ನು ನಿಲ್ಲಿಸಿ ಹನ್ನೊಂದು ವರ್ಷ ಕಳೆದ ಮೇಲೆ ನಮ್ಮವರು ನೆಲಗಿವಿಗಳನ್ನು ಹೂತರು. ನದಿ ಹರಿಯುವಾಗ ತಳದ ಗುಂಡುಕಲ್ಲುಗಳು ಉರುಳುತ್ತವೆ. ಆ ಉರುಳಾಟ ನೆಲವನ್ನು ಸಣ್ಣಗೆ ನಡುಗಿಸುತ್ತದೆ. ಮನುಷ್ಯರ ಕಿವಿಗೆ ಅದು ಕೇಳುವುದಿಲ್ಲ. ಗಡಿಯೀಚೆ ದಂಡೆಗುಂಟ ಆಳುದ್ದದ ಗುಂಡಿಗಳಲ್ಲಿ ಕೂತ ಹನ್ನೆರಡು ನೆಲಗಿವಿಗಳು ಗಡಿಯಾಚೆ ಮೂರು ಕಿಲೋಮೀಟರಿನವರೆಗಿನ ನಡುಕವನ್ನು ಕೇಳಿಸಿಕೊಂಡು ಒಂದೇ ಅಂಕವಾಗಿ ಹೇಳುತ್ತವೆ. ಕೇಂದ್ರದ ಪರದೆಯಲ್ಲಿ ಅದು ಆರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹಳ್ಳಿಗಳ ಎಚ್ಚರಿಕೆ ದೀಪದ ಫಲಕಗಳಿಗೆ ಗಂಟೆಗೊಂದು ಅಂಕ ಹೋಗುತ್ತದೆ. ಆ ಗಂಟೆಯ ಅಂಕ ನಾನೂರು ದಾಟಿದರೆ ಎರಡೂ ದೇಶಗಳ ಫಲಕಗಳು ಕೆಂಪಾಗುತ್ತವೆ.

ಮೇಲ್ಪಕ್ಷ ಇದನ್ನು ಬೇಹುಗಾರಿಕೆ ಎಂದಿತು. ಮಳೆಗಾಲ ಇಳಿದ ಮೇಲೆ ಅವರು ದಿನವೂ ರಾತ್ರಿ ಹನ್ನೊಂದರಿಂದ ನಾಲ್ಕರವರೆಗೆ ಗೇಟು ಇಳಿಸಿ ನೀರು ಹಿಡಿಯುತ್ತಾರೆ. ಆಗ ನದಿ ಸುಮ್ಮನಾಗುತ್ತದೆ. ನದಿ ಯಾವಾಗ ಸುಮ್ಮನಾಯಿತೆಂದು ತಿಳಿದರೆ ಗೇಟು ಯಾವಾಗ ಇಳಿಯಿತೆಂದು ತಿಳಿದ ಹಾಗೆ. ಅದು ಅವರ ರಾಜ್ಯರಹಸ್ಯ. ಎರಡು ವರ್ಷ ಮಾತುಕತೆಯಾಗಿ ಒಪ್ಪಂದಕ್ಕೆ ಹತ್ತೊಂಬತ್ತನೆಯ ಕಲಮು ಸೇರಿತು. ನೆಲಗಿವಿಗಳು ನದಿಯ ಸದ್ದನ್ನು ಹೇಳಬಹುದು, ಮೌನವನ್ನು ಹೇಳಕೂಡದು. ಸದ್ದು ಒಂದು ಮಿತಿಗಿಂತ ಕೆಳಗಿಳಿದರೆ ಯಂತ್ರ ಹಿಂದಿನ ಮೂರು ದಿನಗಳ ಸರಾಸರಿಯನ್ನು ತೋರಿಸಬೇಕು. ಮೂಲ ಧ್ವನಿ ಆಗಿಂದಾಗಲೇ ಅಳಿದುಹೋಗಬೇಕು. ಮೌನವನ್ನು ಊಹಿಸಿ ಬಾಯಿಬಿಟ್ಟ ಅಧಿಕಾರಿಗೆ ಎರಡೂ ದೇಶಗಳ ಕಾನೂನಿನಲ್ಲಿ ಏಳು ವರ್ಷ ಸೆರೆ.

ಬರೀ ಸರಾಸರಿ ತೋರಿಸಿದರೆ ಗೆರೆ ಚಪ್ಪಟೆಯಾಗಿ ಮೌನ ಬಯಲಾಗುತ್ತದಲ್ಲ ಎಂದು ಅವರ ತಜ್ಞರು ಆಕ್ಷೇಪಿಸಿದರು. ಅದು ಸರಿಯಾದ ಆಕ್ಷೇಪಣೆಯೇ. ಅದಕ್ಕೆ ಪರಿಹಾರ ಹುಡುಕಿಕೊಟ್ಟವಳು ನಾನು. ಸರಾಸರಿಗೆ ಕೂಡಿಸಲು, ಕಳೆಯಲು ಇಪ್ಪತ್ತನಾಲ್ಕು ಸಣ್ಣ ಏರಿಳಿತಗಳ ಪಟ್ಟಿಯೊಂದನ್ನು ಮಾಡಿದೆ. ಮೂರು ಕೂಡು, ಒಂದು ಕಳೆ, ನಾಲ್ಕು ಕೂಡು, ಸೊನ್ನೆ, ಆರು ಕಳೆ. ಜೀವಂತ ನದಿಯ ಹಾಗೆ ಕಾಣಲಿ ಎಂದು ಮೂರು ವಾರ ತಿದ್ದಿದ್ದೆ. ಎರಡೂ ಪಕ್ಷದವರು ಮೆಚ್ಚಿದರು. ನದಿ ಇಲ್ಲದಾಗ ನದಿಯ ವೇಷ ಹಾಕುವ ಸಂಖ್ಯೆಗಳು. ನನಗೂ ಆಗ ಹೆಮ್ಮೆಯೇ ಆಗಿತ್ತು, ಸುಳ್ಳು ಹೇಳಲಾರೆ.

ಹೀಗಾಗಿ ದಿನಾ ಬೆಳಿಗ್ಗೆ ರಾತ್ರಿಯ ಸಾಲುಗಳಲ್ಲಿ ನನ್ನ ಪಟ್ಟಿ ಕಣ್ಣಿಗೆ ಬೀಳುವುದು, ನಾನು ಅದನ್ನು ದಾಟಿ ಮುಂದಕ್ಕೆ ಓದುವುದು ರೂಢಿಯಾಗಿತ್ತು. ನಾಲ್ಕಕ್ಕೆ ಗೇಟು ಎತ್ತಿದರೆ ಐದರ ಹೊತ್ತಿಗೆ ನದಿ ಮತ್ತೆ ತನ್ನ ದನಿಯಲ್ಲಿ ಮಾತಾಡುತ್ತದೆ. ಇವತ್ತು ಐದರಲ್ಲೂ ನನ್ನ ಪಟ್ಟಿ. ಆರರಲ್ಲೂ. ಏಳರ ಇನ್ನೂರ ಹನ್ನೆರಡೂ ಅದೇ.

ಹನ್ನೆರಡು ನೆಲಗಿವಿಗಳ ದೀಪಗಳೂ ಉರಿಯುತ್ತಿದ್ದವು. ಯಾವುದೂ ಕೆಟ್ಟಿರಲಿಲ್ಲ. ಗೇಟು ಎತ್ತುವುದು ಒಮ್ಮೊಮ್ಮೆ ತಡವಾಗುತ್ತದೆ ಎಂದು ಸಮಾಧಾನ ಮಾಡಿಕೊಂಡು ಎಂಟರವರೆಗೆ ಕಾದೆ. ಎಂಟರ ಅಂಕ ಬಂತು. ಇನ್ನೂರ ಆರು. ಆರು ಕಳೆ.

ನನ್ನ ಗಂಡ ರೇವಣಸಿದ್ಧ ಪಶುವೈದ್ಯ. ಅವತ್ತು ಬೆಳಗಿನ ಮೊದಲ ನಾವೆಯಲ್ಲಿ ಬಾಲೂಟೋಲಾ ಎಂಬ ನಡುಗಡ್ಡೆಗೆ ಆಡುಗಳಿಗೆ ಲಸಿಕೆ ಹಾಕಲು ಹೋಗಿದ್ದ. ಕೇಂದ್ರದಿಂದ ಮೂವತ್ತು ಕಿಲೋಮೀಟರ್ ಕೆಳಗೆ, ನದಿಯ ನಡುವೆ, ಮರಳು ಮತ್ತು ಹುಲ್ಲಿನ ಒಂದು ಊರು ಅದು. ಹದಿನೇಳು ನೂರು ಜನ. ಕೇಂದ್ರದ ಫೋನಿನಲ್ಲಿ ಆಡಿದ್ದೆಲ್ಲ ದಾಖಲಾಗುತ್ತದೆ. ಆದರೂ ಅದರಿಂದಲೇ ಅವನಿಗೆ ಮಾಡಿದೆ. ಒಳಗೆ ಸ್ವಂತ ಫೋನು ತರುವ ಹಾಗಿಲ್ಲ.

ಹೊಳಿ ಭಾಳ ಇಳದದ, ಅಂದ ಅವನು, ನಾನು ಕೇಳುವ ಮೊದಲೇ. ಬರುವಾಗ ನಾವೆ ಮೂರು ಕಡೆ ಮರಳಿಗೆ ಸಿಕ್ಕಿಕೊಂಡಿತಂತೆ. ಈಗ ಹೆಂಗಸರೆಲ್ಲ ಸೀರೆ ಎತ್ತಿ ಕಟ್ಟಿ ನಡುಹೊಳೆಯಲ್ಲಿ ಮೀನು ಬಾಚುತ್ತಿದ್ದಾರಂತೆ. ಜಾತ್ರೆಯ ಹಾಗೆ ಗದ್ದಲ.

"ನನಗೂ ಎರಡ ಕೊಟ್ಟಾರ. ಅವ್ವನ ಮುಂದ ಹೇಳಬ್ಯಾಡ, ಬಾಗಿಲದಾಗ ನಿಲ್ಲಸ್ತಾಳ."

"ಫಲಕ ಏನ್ ತೋರಸ್ತದ?"

"ಹಸರು. ಇನ್ನೂರಾ ಆರು. ಯಾಕ?"

ಇನ್ನೂರ ಆರು ಇರುವ ನದಿಯಲ್ಲಿ ಯಾರೂ ನಡೆದುಹೋಗಲಾರರು. ನಾನು ಮಾತಾಡಲಿಲ್ಲ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು; ನನ್ನ ಯಾವ ಸುಮ್ಮನಿರುವಿಕೆಗೆ ಏನು ಅರ್ಥ ಎಂದು ಅವನಿಗೆ ಗೊತ್ತು.

"ನೀ ದಂಡಿಗಿ ಬಾ," ಅಂದೆ.

"ನಾ ಒಬ್ಬನೇ?"

ಅವನ ಹಿಂದೆ ಯಾರೋ ನಗುತ್ತಿದ್ದರು, ಆಡುಗಳು ಅರಚುತ್ತಿದ್ದವು. ದೀಪ ಕೆಂಪು ಆಗಲಾರದ ಇವರು ಏಳಂಗಿಲ್ಲ, ನಿನಗ ಗೊತ್ತದ, ಅಂದ. ಗೊತ್ತಿತ್ತು. ಎರಡು ವರ್ಷದ ಕೆಳಗೆ ಯಾರೋ ನೆರೆ ಬಂತೆಂದು ಕೂಗಿ ಊರಿಗೆ ಊರೇ ಓಡಿತ್ತು. ಮರಳಿ ಬಂದಾಗ ಅರವತ್ತು ಎಮ್ಮೆ ಕಳುವಾಗಿದ್ದವು. ಅಂದಿನಿಂದ ಬಾಲೂಟೋಲಾದವರು ಬಾಯಿಮಾತು ನಂಬುವುದಿಲ್ಲ, ದೀಪವನ್ನು ನಂಬುತ್ತಾರೆ. ಇವರನ್ನ ಬಿಟ್ಟು ನಾ ಬರಂಗಿಲ್ಲ ನೀಲಾ, ಎಂದು ಫೋನಿಟ್ಟ.

ಯಂತ್ರ ತಾನಾಗಿ ಕೆಂಪಾಗದಿದ್ದರೆ ಇನ್ನೊಂದೇ ದಾರಿ. ಎರಡೂ ಪಕ್ಷದ ಅಧಿಕಾರಿಗಳು ಕೂಡಿ ಸಹಿ ಮಾಡಬೇಕು. ಮೇಲ್ಪಕ್ಷದ ಅಧಿಕಾರಿ ನನ್ನೆದುರಿಗೇ ಕೂತಿದ್ದರು.

ಲೋಕಬಹಾದೂರ್ ಘಲೆ ಅವರಿಗೆ ಐವತ್ತೆಂಟು. ನಿವೃತ್ತಿಗೆ ನಾಲ್ಕು ತಿಂಗಳಿತ್ತು. ನಮ್ಮಿಬ್ಬರದು ಒಂದೇ ಮೇಜು, ನಡುವೆ ಹಿತ್ತಾಳೆಯ ಪಟ್ಟಿ, ಅದೇ ಗಡಿ. ದಿನಾ ಬೆಳಿಗ್ಗೆ ಅವರು ಅಡಕೊತ್ತಿನಿಂದ ಅಡಿಕೆ ಕತ್ತರಿಸಿ ಒಂದು ಹೋಳನ್ನು ಸರಿಯಾಗಿ ಆ ಪಟ್ಟಿಯ ಮೇಲೆ ಇಡುತ್ತಿದ್ದರು. ಕೊಟ್ಟರೆ ಉಡುಗೊರೆಯಾಗುತ್ತದೆ, ಅದಕ್ಕೆ ಅರ್ಜಿ ಬರೆಯಬೇಕಾಗುತ್ತದೆ, ಇಟ್ಟದ್ದನ್ನು ಯಾರು ಬೇಕಾದರೂ ತಿನ್ನಬಹುದು ಅನ್ನುತ್ತಿದ್ದರು. ನಾವು ಹಿಂದಿಯಲ್ಲಿ ಮಾತಾಡುತ್ತಿದ್ದೆವು. ನಾನು ಅವರನ್ನು ದಾಜು ಅನ್ನುತ್ತಿದ್ದೆ, ಅಣ್ಣ ಎಂದು. ಅವರು ನನ್ನನ್ನು ಬಹಿನಿ, ತಂಗಿ. ಆರು ವರ್ಷದಲ್ಲಿ ಮಕ್ಕಳು, ಮಂಡಿನೋವು, ಬೇಳೆ ಬೇಯದಿರುವುದು ಎಲ್ಲ ಮಾತಾಡಿದ್ದೆವು. ನದಿಯ ಬಗ್ಗೆ ಮಾತ್ರ ಮೇಜಿನ ಮೇಲಿನ ಧ್ವನಿಮುದ್ರಕಕ್ಕೆ ಕೇಳುವಂತೆ ಹೇಳಬೇಕಾದದ್ದನ್ನು ಬಿಟ್ಟು ಒಂದಕ್ಷರ ಆಡಿರಲಿಲ್ಲ.

ಒಂದು ಚೀಟಿಯಲ್ಲಿ 'ಬಾಲೂಟೋಲಾದಲ್ಲಿ ನದಿ ನಡೆದು ದಾಟುವಷ್ಟಿದೆ' ಎಂದು ಬರೆದು ಹಿತ್ತಾಳೆ ಪಟ್ಟಿಯ ಮೇಲಿಟ್ಟೆ.

ಓದಿದರು. ಪರದೆಯ ಕಡೆ ನೋಡಿದರು. ಎದ್ದು ಅವರ ಕಡೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅಣೆಕಟ್ಟಿಗೆ ಫೋನು ಮಾಡಿದರು. ಗಾಜಿನಾಚೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನು ಮೊದಲು ನೆಟ್ಟಗಿತ್ತು. ಆಮೇಲೆ ಒಂದು ಕೈ ಗೋಡೆಗೆ ಹೋಯಿತು.

ಹೊರಗೆ ಬಂದು ಕೂತರು. "ಅವರು ತಮ್ಮ ಕೆಲಸ ನಾಲ್ಕು ಗಂಟೆಗೇ ಮಾಡಿದ್ದಾರಂತೆ," ಅಂದರು. ಆ ಒಂದು ಮಾತಿಗೇ ಅವರಿಗೆ ಏಳು ವರ್ಷವಾಗಬಹುದಿತ್ತು.

ಗೇಟು ಎತ್ತಿದ್ದಾರೆ. ನೀರು ಅಣೆಕಟ್ಟನ್ನು ಬಿಟ್ಟಿದೆ. ನೆಲಗಿವಿಗಳು ಕೇಳುವ ಕಣಿವೆಗೆ ಬಂದಿಲ್ಲ. ನಡುವೆ ಎಲ್ಲೋ ಗುಡ್ಡ ಜರಿದು ನದಿಗೆ ಅಡ್ಡಬಿದ್ದಿದೆ. ಅಣೆಕಟ್ಟಿನವರು ಮೇಲಿರುವುದರಿಂದ ಅವರಿಗೆ ಕಾಣದು. ಕೆಳಗಿನವರಿಗೆ ಇನ್ನೂರ ಆರು ಕಾಣುತ್ತಿದೆ. ಉಪಗ್ರಹ ಆ ಕಣಿವೆಯ ಮೇಲೆ ಹಾಯುವುದು ನಾಡಿದ್ದು. ಮಣ್ಣಿನ ಆ ಒಡ್ಡಿನ ಹಿಂದೆ ನೀರು ಏರುತ್ತಿದೆ. ಅದು ಇಂದು ಒಡೆಯಬಹುದು, ನಾಳೆ ಒಡೆಯಬಹುದು. ಗಟ್ಟಿಯಾದ ಒಡ್ಡಲ್ಲ ಅದು, ಒಡೆಯದೆ ಇರಲಾರದು. ಇದು ತಿಳಿದದ್ದು ಭೂಮಿಯ ಮೇಲೆ ಹನ್ನೆರಡು ಯಂತ್ರಗಳಿಗೆ. ಅವಕ್ಕೆ ಸುಮ್ಮನಿರಲು ಕಲಿಸಿದವಳು ನಾನು.

"ಸಹಿ ಮಾಡೋಣ ದಾಜು."

"ಯಾವ ಆಧಾರದ ಮೇಲೆ? ಪರದೆಯಲ್ಲಿ ಏನೂ ಇಲ್ಲ. ನಾನೇನೂ ಕೇಳಿಲ್ಲ, ನೀನೇನೂ ಹೇಳಿಲ್ಲ."

ಅಡಕೊತ್ತನ್ನು ಎತ್ತಿಕೊಂಡು ಮತ್ತೆ ಕೆಳಗಿಟ್ಟರು. ನನ್ನದೇ ಚೀಟಿಯನ್ನು ತಿರುವಿ, ಹಿಂದೆ ಒಂದು ಸಂಖ್ಯೆ ಬರೆದು ಪಟ್ಟಿಯ ಮೇಲಿಟ್ಟರು. ಮೂವತ್ತೊಂದು. ಮೂವತ್ತೊಂದನೆಯ ಕಲಮು ನನಗೂ ಬಾಯಿಪಾಠವಿತ್ತು. ಒಂದು ಪಕ್ಷದ ಅಧಿಕಾರಿ ಜೀವಹಾನಿಯ ಭಯವನ್ನು ಕಾರಣಸಹಿತ, ಗಟ್ಟಿಯಾಗಿ, ದಾಖಲೆಯಲ್ಲಿ ಹೇಳಿದರೆ ಇನ್ನೊಂದು ಪಕ್ಷದವರು ಹತ್ತು ನಿಮಿಷದೊಳಗೆ ಸಹಿ ಮಾಡಲೇಬೇಕು. ಕಾರಣ ಹೇಳಿದವರದೇ ಹೊಣೆ.

ಅವರ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನನ್ನು ಮುಂದೆ ದೂಡಿ ತಾವು ಉಳಿಯುತ್ತಿದ್ದಾರೆ ಎಂದು ಒಂದು ಕ್ಷಣ ಕಹಿಯಾಯಿತು. ಮರುಕ್ಷಣ ಹೊಳೆಯಿತು: ಇಬ್ಬರೂ ಬಿದ್ದರೆ ಸಹಿ ಮಾಡಲು ಈ ಕೋಣೆಯಲ್ಲಿ ಯಾರೂ ಉಳಿಯುವುದಿಲ್ಲ.

ಧ್ವನಿಮುದ್ರಕದ ಕಡೆ ಬಾಗಿದೆ. ಹೆಸರು ಹೇಳಿದೆ, ಹುದ್ದೆ ಹೇಳಿದೆ. "ಧೌಲಾ ನದಿ ಮೇಲ್ಪಕ್ಷದ ಕಣಿವೆಯಲ್ಲಿ ಬೆಳಗಿನ ಐದರಿಂದ ಮೌನವಾಗಿದೆ. ಫಲಕದ ಅಂಕ ಸುಳ್ಳು."

ಒಂಬತ್ತು ಗಂಟೆ ಐದು ನಿಮಿಷಕ್ಕೆ ಫಲಕಗಳು ಕೆಂಪಾದವು. ಹೀಗೆ ಕೈಯಿಂದ ಹೊತ್ತಿಸಿದ ದೀಪಕ್ಕೆ ಆರು ಗಂಟೆಯ ಆಯುಷ್ಯ. ಮೂರೂ ಐದಕ್ಕೆ ಮತ್ತೆ ಇಬ್ಬರೂ ಸಹಿ ಮಾಡದಿದ್ದರೆ ಆರಿ, ಯಂತ್ರದ ಅಂಕ ಮರಳುತ್ತದೆ.

ಹತ್ತೂವರೆಗೆ ರಾಜಧಾನಿಯಿಂದ ಕರೆ ಬಂತು. ಕರೆ ಮಾಡಿದವರು ಸಿಟ್ಟಾಗಿರಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು. ನಾನು ಹೇಳಿದ್ದು ನಿಜವೋ ಸುಳ್ಳೋ ಎಂಬುದು ಅವರ ಪ್ರಶ್ನೆಯಾಗಿರಲಿಲ್ಲವಂತೆ. ನಾನು ಆ ಕ್ಷಣದಿಂದಲೇ ಅಮಾನತಿನಲ್ಲಿದ್ದೇನೆ, ಗುರುತಿನ ಕಾರ್ಡನ್ನು ಕಾವಲುಗಾರನಿಗೆ ಒಪ್ಪಿಸಬೇಕು, ನನ್ನ ಬದಲಿಗೆ ಬರುವವರು ನಾಳೆ ಬೆಳಿಗ್ಗೆ ತಲುಪುತ್ತಾರೆ. ಹಾಗಾದರೆ ಮೂರೂ ಐದಕ್ಕೆ ಕೆಳಪಕ್ಷದಿಂದ ಯಾರು ಸಹಿ ಮಾಡುತ್ತಾರೆ ಎಂದು ಕೇಳಿದೆ. ಅದನ್ನು ಗಮನಿಸಲಾಗುವುದು ಅಂದರು.

ನಮ್ಮ ವಸತಿಗೃಹ ಕೇಂದ್ರದ ಹಿಂದೆಯೇ. ಅತ್ತೆ ಗುರವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಅವರು ಭೀಮಾ ದಂಡೆಯವರು. ಊರಿನ ಮೂರನೆಯ ಒಂದು ಭಾಗವನ್ನು ಹೊಳೆ ಒಯ್ದಾಗ ಅವರಿಗೆ ಇಪ್ಪತ್ತು ವರ್ಷ. ಆ ದಿನದ ಬಗ್ಗೆ ಎಂದೂ ಮಾತೆತ್ತಿದವರಲ್ಲ. ಕೇಳಿದರೆ ಎದ್ದು ಹೋಗುತ್ತಿದ್ದರು. ಪಾಳಿಯ ಹೊತ್ತಿನಲ್ಲಿ ನಾನು ಬಂದದ್ದು ನೋಡಿ ಕೈ ನಿಲ್ಲಿಸಿದರು. ಎಲ್ಲ ಹೇಳಿದೆ. ಮಗ ನಡುಗಡ್ಡೆಯಲ್ಲಿದ್ದಾನೆ ಎಂಬುದನ್ನೂ, ನನ್ನ ಪಟ್ಟಿಯ ವಿಷಯವನ್ನೂ.

ಮೊರದೊಳಗಿನ ಜೋಳವನ್ನು ಒಂದು ಮೂಲೆಗೆ ಎಳೆದುಕೊಂಡರು.

"ನಮಗ ಯಾರೂ ಹೇಳಲಿಲ್ಲ," ಅಂದರು. ಸ್ವಲ್ಪ ತಡೆದು, "ಆಕಾಶ ಬೆಳ್ಳಗಿತ್ತು. ನಾವು ಉಣ್ಣಲಿಕ್ಕ ಕುಂತಿದ್ವಿ," ಅಂದರು.

ಅಷ್ಟೇ. ಆಮೇಲೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯತೊಡಗಿದರು. ಹನ್ನೆರಡೂವರೆಯವರೆಗೂ ಏಳಲಿಲ್ಲ. ಹದಿನೇಳು ನೂರು ಜನಕ್ಕೆ ಅದು ಎಲ್ಲಿಗೆ ಸಾಕಾಗುತ್ತದೆ ಎಂದು ನಾನು ಕೇಳಲಿಲ್ಲ. ಬಡಿದದ್ದನ್ನು ನಾನು ಬೇಯಿಸಿದೆ. ಬುಟ್ಟಿ ತುಂಬಿದ ಮೇಲೆ ಇಬ್ಬರೂ ಜೀಪು ಹತ್ತಿ ಬಾಲೂಟೋಲಾದ ಎದುರಿಗೆ, ದಂಡೆಯ ಮೇಲಿನ ನೆರೆ ತಡೆಯುವ ಒಡ್ಡಿಗೆ ಹೋದೆವು.

ಒಡ್ಡಿನ ಉದ್ದಕ್ಕೂ ಊರು ಬಂದು ಕೂತಿತ್ತು. ಕೆಂಪು ಕಂಡ ಮೇಲೆ ಯಾರೂ ತಡಮಾಡಿರಲಿಲ್ಲ. ಹೊಳೆ ಮೊಣಕಾಲಿನಷ್ಟೇ ಇದ್ದದ್ದರಿಂದ ನಾವೆಯೂ ಬೇಕಾಗಿರಲಿಲ್ಲ. ಮಕ್ಕಳು, ಆಡುಗಳು, ಹಾಸಿಗೆ ಸುರುಳಿಗಳು. ಎಮ್ಮೆಗಳನ್ನು ಮಾತ್ರ ಅಲ್ಲಿಯೇ ಬಿಟ್ಟಿದ್ದರು. ಮೇವಿಗೆ ಹುಲ್ಲುಗಾವಲಿನಲ್ಲಿ ಚದುರಿದ್ದವನ್ನು ಕೂಡಿಸಲು ಹೊತ್ತು ಸಾಲದೆಂದು. ರೇವಣ ಒಡ್ಡಿನ ಮೇಲೆ ಅಂಗಿ ಬಿಚ್ಚಿ ಕೂತಿದ್ದ, ತೋಳೆಲ್ಲ ಕೆಸರು. ನನ್ನ ಕೊರಳಲ್ಲಿ ಕಾರ್ಡು ಇಲ್ಲದ್ದನ್ನು ನೋಡಿದ, ಪಕ್ಕಕ್ಕೆ ಸರಿದು ಜಾಗ ಮಾಡಿದ. ಅತ್ತೆ ಅವನ ಕೈಗೆ ರೊಟ್ಟಿ ಕೊಟ್ಟು, ಬುಟ್ಟಿ ಹೊತ್ತು ಜನರ ನಡುವೆ ಹೋದರು.

ಒಂದು ಗಂಟೆ. ಎರಡು. ಆಕಾಶ ತೊಳೆದಿಟ್ಟ ಹಾಗಿತ್ತು. ಎದುರಿಗೆ ಹೊಳೆ ಇನ್ನೂ ಇಳಿಯುತ್ತಲೇ ಹೋಗಿ ಮರಳಿನ ನಡುವೆ ಮೂರು ತೊರೆಗಳಾಯಿತು. ಜನರ ಹೆದರಿಕೆ ಆರಿತು. ಸಿಟ್ಟು, ಆಮೇಲೆ ಗೇಲಿ ಸುರುವಾಯಿತು. ರಾಮಪರೀಖನ್ ಎಂಬ ನಾವೆಗಾರ, ಉದ್ದನೆಯ ಆಳು, ಊರಿನ ನಗೆಗಾರ, ನನ್ನ ಮುಂದೆ ಬಂದು ಕೈಮುಗಿದ. "ಮೇಡಂ, ನಿಮ್ಮ ನೆರೆಗೆ ಗಡಿಯಲ್ಲಿ ಕಾಗದ ಕೇಳುತ್ತಿರಬೇಕು. ಒಂದು ಪತ್ರ ಬರೆದುಕೊಡಿ, ನಾನೇ ಹೋಗಿ ಬಿಡಿಸಿಕೊಂಡು ಬರುತ್ತೇನೆ." ಜನ ನಕ್ಕರು. ರೇವಣನೂ ನಕ್ಕ. ನಾನೂ ನಗಬೇಕಿತ್ತು.

ಮೂರೂ ಐದಕ್ಕೆ ಒಡ್ಡಿನ ಮೇಲಿನ ಫಲಕ ಒಮ್ಮೆ ಕಪ್ಪಾಗಿ ಹಸಿರಾಯಿತು. ಇನ್ನೂರ ಎಂಟು.

ಯಾರೂ ಕೂಗಲಿಲ್ಲ. ಹದಿನೇಳು ನೂರು ಜನ ಎದ್ದು ನಿಂತ ಸದ್ದು ಮಾತ್ರ ಕೇಳಿತು. ಅವರ ಮುಂದಾಳು ಫೂಲ್‌ಮತಿ ಎಂಬ ಅರವತ್ತರ ಹೆಂಗಸು. ನಾವೆಗಳ ಪಂಚಾಯ್ತಿ ಅವಳ ಕೈಯಲ್ಲಿತ್ತು. ಅವಳು ಸುರುಳಿಯನ್ನು ತಲೆಗೆ ಏರಿಸಿಕೊಂಡು ಇಳಿಜಾರಿನ ಕಡೆ ನಡೆದಳು. ಅವಳ ಹಿಂದೆ ಎಲ್ಲರೂ.

ಇಳಿಜಾರಿನ ಬಾಯಲ್ಲಿ ಹೋಗಿ ಅಡ್ಡ ನಿಂತೆ. ನನಗೆ ಅಧಿಕಾರವಿರಲಿಲ್ಲ, ಅಂಕವಿರಲಿಲ್ಲ. ಅವರು ನಂಬುವ ದೀಪ ನನ್ನ ಬೆನ್ನ ಹಿಂದೆ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು.

ದೀಪ ಹಸಿರಾಗಿದೆ ಮೇಡಂ, ಅಂದಳು ಫೂಲ್‌ಮತಿ.

"ಆ ದೀಪ ಸುಳ್ಳು ಹೇಳುತ್ತಿದೆ."

"ಬೆಳಿಗ್ಗೆ ಹೇಳಿದ್ದು?"

"ಅದು ದೀಪ ಹೇಳಿದ್ದಲ್ಲ. ನಾವಿಬ್ಬರು ಮನುಷ್ಯರು ಹೇಳಿದ್ದು."

ಆಮೇಲೆ ಹತ್ತೊಂಬತ್ತನೆಯ ಕಲಮನ್ನು, ಗೇಟುಗಳನ್ನು, ಸರಾಸರಿಯನ್ನು ನನ್ನ ಮುರುಕು ಭೋಜಪುರಿಯಲ್ಲಿ ಹೇಳಿದೆ. ನದಿ ಸತ್ತ ಹಾಗೆ ಸುಮ್ಮನಾದರೂ ಯಂತ್ರ ಅದು ಉಸಿರಾಡುತ್ತಿದೆ ಎಂದೇ ತೋರಿಸುತ್ತದೆ. ಮೇಲೆ ಗುಡ್ಡ ಬಿದ್ದಿದೆ. ಎಲ್ಲಿ ಎಂದು ನೋಡಿಲ್ಲ, ಯಾವಾಗ ಒಡೆಯುತ್ತದೆ ಎಂದೂ ಗೊತ್ತಿಲ್ಲ. ಹಿಂದಿದ್ದವರು ಮುಂದಿದ್ದವರನ್ನು ಕೇಳಿ ಕೇಳಿ ಮಾತು ದಾಟಿಸುತ್ತಿದ್ದರು.

"ಯಂತ್ರಕ್ಕೆ ಇದನ್ನು ಕಲಿಸಿದ್ದು ಯಾರು?" ಫೂಲ್‌ಮತಿ ಕೇಳಿದಳು.

"ನಾನು."

ಆ ಮಾತು ಹಿಂದಕ್ಕೆ ದಾಟಿಹೋಗಲಿಲ್ಲ. ಮುಂದಿನ ಸಾಲಿನಲ್ಲೇ ನಿಂತಿತು. ಒಬ್ಬಳು ಉಗುಳಿದಳು. ಫೂಲ್‌ಮತಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಲೆಯ ಮೇಲಿನ ಸುರುಳಿಯನ್ನು ಇಳಿಸಿ, ದಾರಿಯ ನಡುವೆ ಹಾಕಿ, ಅದರ ಮೇಲೆ ಕೂತಳು.

"ಅಧಿಕಾರಿಗಳು ಬಹಳ ಬಂದಿದ್ದಾರೆ ಇಲ್ಲಿ," ಅಂದಳು. "ತಪ್ಪು ನಂದು ಅಂದವರನ್ನು ಇವತ್ತೇ ನೋಡಿದ್ದು. ಸುಳ್ಳು ಹೇಳೋಳು ಹಾಗೆ ಅನ್ನೋದಿಲ್ಲ. ಹೊತ್ತು ಮುಳುಗೋವರೆಗೆ ಕೂರೋಣ. ಆಮೇಲೆ ಇವಳನ್ನ ಏನು ಮಾಡಬೇಕೋ ನೋಡೋಣ."

ಎಲ್ಲರೂ ಕೂರಲಿಲ್ಲ. ಹತ್ತೊಂಬತ್ತು ಗಂಡಸರು ಎಮ್ಮೆಗಳನ್ನು ತರುತ್ತೇವೆ ಎಂದು ಪಕ್ಕದಿಂದ ಇಳಿದರು, ಮುಂದೆ ರಾಮಪರೀಖನ್. ಅವನನ್ನು ಕೂಗಿದೆ. ಕಾಗದ ತರಲು ಹೊರಟೆ ಮೇಡಂ, ಎಂದು ತಿರುಗಿ ನೋಡದೆ ಕೈ ಬೀಸಿದ. ರೇವಣ ಅಂಗಿ ಹಾಕಿಕೊಳ್ಳುತ್ತಿದ್ದ.

"ನೀ ಯಾಕ?"

"ಅವರು ಎಮ್ಮಿ ಹಿಂದ ಅಡ್ಡಾಡಿ ಹೊತ್ತು ಹಾಕ್ತಾರ. ಮುಂದಿನ ಮುದಿ ಎಮ್ಮಿ ಎಬ್ಬಿಸಿದ್ರ ಉಳದವು ತಾವೇ ಬರ್ತಾವ. ನನಗ ಗೊತ್ತದ, ಅವರಿಗಿಲ್ಲ." ಅವ್ವನ ಕಡೆ ನೋಡಿದ. ಅತ್ತೆ ಬೇರೆ ಕಡೆ ತಿರುಗಿದ್ದರು. ಅವನು ಇಳಿದುಹೋದ.

ನಾಲ್ಕು ಗಂಟೆ ಹನ್ನೆರಡು ನಿಮಿಷಕ್ಕೆ ನನ್ನ ಸ್ವಂತ ಫೋನು ಬಡಿಯಿತು. ಗೊತ್ತಿಲ್ಲದ ಸಂಖ್ಯೆ, ಗಡಿಯಾಚೆಯದು.

"ಬಹಿನಿ, ಈಗ ಮಾತಾಡಿತು," ಅಂದರು ಲೋಕಬಹಾದೂರ್. ಅವರ ದನಿ ಓಡಿಬಂದವರ ದನಿಯಂತಿತ್ತು. "ಒಂಬೈನೂರ ಎಂಬತ್ತು. ಆರು ನಿಮಿಷ ಅಷ್ಟೇ. ಆಮೇಲೆ ಕಿವಿಗಳೇ ಕೊಚ್ಚಿಹೋದವು."

ಮೂರೂ ಐದಕ್ಕೆ ತಾವೊಬ್ಬರೇ ಸಹಿ ಹಾಕಿದ್ದರಂತೆ, ಯಂತ್ರ ಒಪ್ಪಲಿಲ್ಲವಂತೆ. ಆಮೇಲೆ ಕೇಂದ್ರದಿಂದ ಹೊರಗೆ ಬಂದು, ಚಹಾದಂಗಡಿಯ ಹಿಂದೆ ನಿಂತು, ತಮ್ಮ ಫೋನಿನಿಂದಲೇ ಕಣಿವೆಯ ತಮ್ಮ ಎರಡು ಊರುಗಳ ಮುಖ್ಯಸ್ಥರಿಗೆ ಹೇಳಿದ್ದರು. ಅವರು ಗುಡ್ಡ ಹತ್ತಿದ್ದಾರೆ ಅಂದರು. ಕರೆ ಕಡಿಯಿತು.

ನೀರು ಅಲ್ಲಿಂದ ಇಲ್ಲಿಗೆ ಬರಲು ಒಂದು ಗಂಟೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು ನಿಮಿಷ. ರೇವಣನಿಗೆ ಮಾಡಿದೆ. ಗಂಟೆ ಬಡಿಯುತ್ತಲೇ ಇತ್ತು; ಎತ್ತಲಿಲ್ಲ. ಫೂಲ್‌ಮತಿಗೆ ಹೇಳಿದೆ. ಅವಳು ಹೆಂಗಸರನ್ನೆಲ್ಲ ಒಡ್ಡಿನ ತುದಿಗೆ ನಿಲ್ಲಿಸಿ ತಾಟುಗಳನ್ನು ಬಡಿಯಲು ಹಚ್ಚಿದಳು. ಮುನ್ನೂರು ತಾಟುಗಳ ಸದ್ದು ಬರಿದಾದ ಹೊಳೆಯ ಮೇಲೆ ಹರಿದುಹೋಯಿತು. ಹುಲ್ಲಿನ ನಡುವೆ ಕಪ್ಪು ಚುಕ್ಕೆಗಳು ಸೇರುತ್ತಿದ್ದವು, ಸಾಲಾಗುತ್ತಿದ್ದವು. ನಿಧಾನವಾಗಿ. ಎಮ್ಮೆಗಳು ನೀರಿಗಿಳಿದವು. ಅತ್ತೆ ನನ್ನ ಮೊಣಕೈ ಹಿಡಿದಿದ್ದರು. ಅವರ ಬೆರಳ ಗುರುತು ಆಮೇಲೆ ಎಷ್ಟೋ ದಿನ ಇತ್ತು.

ಐದು ಗಂಟೆ ಹತ್ತಕ್ಕೆ ಮುಂದಿನ ಮುದಿ ಎಮ್ಮೆ ಒಡ್ಡು ಹತ್ತಿತು. ಅದರ ಹಿಂದೆ ರೇವಣ. ಇಳಿದುಹೋದ ಊರವರನ್ನು ಒಬ್ಬೊಬ್ಬರಾಗಿ ಎಣಿಸಿದೆವು. ಹದಿನೆಂಟು. ರಾಮಪರೀಖನ್ ಒಂದು ಕರು ಹಿಂದೆ ಉಳಿಯಿತೆಂದು ತಿರುಗಿದನಂತೆ. ಹೆಗಲ ಮೇಲೆ ಹೊತ್ತು ಬರುತ್ತಿದ್ದವನು ಕಂಡ, ನಡುತೊರೆಯಲ್ಲಿದ್ದ. ತಾಟುಗಳು ನಿಂತವು. ಏಕೆಂದರೆ ಈಗ ಬೇರೆ ಸದ್ದು ಕೇಳುತ್ತಿತ್ತು. ಕಿವಿಗಿಂತ ಮೊದಲು ಅದು ಪಾದಗಳಿಗೆ ಕೇಳಿತು.

ನೀರು ಗೋಡೆಯ ಹಾಗೆ ಬರಲಿಲ್ಲ. ಕಪ್ಪು ಮಣ್ಣು, ಬೇರುಸಹಿತ ಮರಗಳು, ಒಂದರ ಮೇಲೊಂದು ಬೀಳುತ್ತ, ಹೊಲ ಉಳುವ ಹಾಗೆ ಬಂತು. ರಾಮಪರೀಖನ್ ಕರುವನ್ನು ಕೆಳಗಿಳಿಸಿದ್ದನ್ನು ನೋಡಿದೆ. ಓಡಲು ಇಳಿಸಿದನೋ, ಅದು ಈಜಿಕೊಳ್ಳಲಿ ಎಂದು ಇಳಿಸಿದನೋ. ಆಮೇಲೆ ಅಲ್ಲಿ ಅವನೂ ಇರಲಿಲ್ಲ, ತೊರೆಯೂ ಇರಲಿಲ್ಲ. ಬಾಲೂಟೋಲಾ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೊನೆಗೆ ಶಾಲೆಯ ಚಾವಣಿ ಒಂದಿಷ್ಟು ಹೊತ್ತು ಕಂಡಿತು.

ಒಡ್ಡು ತಡೆಯಿತು. ಅವನ ಹೆಂಡತಿ ಯಾರು ಎಂದು ನನಗೆ ಗೊತ್ತಿರಲಿಲ್ಲ. ಒಬ್ಬಳ ಸುತ್ತ ಹೆಂಗಸರು ಒತ್ತಾಗಿ ಕೂತದ್ದರಿಂದ ತಿಳಿಯಿತು. ಅತ್ತೆ ಹೋಗಿ ಆ ಗುಂಪಿನಲ್ಲಿ ಕೂತರು. ಭಾಷೆ ಬಾರದು, ಅಲ್ಲಿ ಅದು ಬೇಕಾಗಲೂ ಇಲ್ಲ.

ಆರು ಗಂಟೆಗೆ ಫಲಕ ತನ್ನ ಗಂಟೆಯ ಅಂಕವನ್ನು ಬದಲಿಸಿತು. ನೆಲದೊಳಗೆ ಕೇಳುವ ಕಿವಿ ಒಂದೂ ಉಳಿದಿರಲಿಲ್ಲ. ಯಂತ್ರಕ್ಕೆ ಅದೂ ಮೌನವೇ. ಒಪ್ಪಂದದ ಪ್ರಕಾರ ಅದು ಆ ಮೌನವನ್ನು ತುಂಬಿತು. ಒಡ್ಡಿನ ಅಂಚಿಗೆ ಬಡಿಯುತ್ತಿದ್ದ ಆ ನೀರಿನ ಮೇಲೆ, ಹಸಿರಿನಲ್ಲಿ, ಇನ್ನೂರ ಹದಿಮೂರು.

ಫೂಲ್‌ಮತಿ ಅದನ್ನು ನೋಡಿದಳು. ರೇವಣ ನೋಡಿದ. ಒಬ್ಬೊಬ್ಬರಾಗಿ ಎಲ್ಲರೂ ನೋಡಿದರು.

ಫಲಕದ ಕಂಬದ ಬುಡದಲ್ಲಿ ಸರ್ಕಾರದ ಕಾವಲುಗಾರನೊಬ್ಬ ಕೂತಿದ್ದ, ನಡುವಯಸ್ಸಿನವನು. ಪೆಟ್ಟಿಗೆಯ ಬೀಗದ ಕೈ ಅವನ ಸೊಂಟದಲ್ಲಿತ್ತು. ಅವನ ಹತ್ತಿರ ಹೋಗಿ ಅದನ್ನು ಆರಿಸು ಅಂದೆ.

"ಆರ್ಡರ್ ಇಲ್ಲ ಮೇಡಂ," ಅಂದ.

"ಗೊತ್ತು."

ಅವನು ನೀರನ್ನು ನೋಡಿದ. ಹೆಂಗಸರ ಗುಂಪನ್ನು ನೋಡಿದ. ಆಮೇಲೆ ಬೀಗದ ಕೈಯನ್ನು ಬಿಚ್ಚಿ ಕಲ್ಲಿನ ಮೇಲಿಟ್ಟು, ಎದ್ದು, ಹೊಲಗಳ ಕಡೆ ಮುಖ ಮಾಡಿ ನಿಂತ.

ಪೆಟ್ಟಿಗೆ ತೆರೆದು ಫ್ಯೂಸ್ ಕಿತ್ತೆ.